ಟೋಕನ್ ಕೊಟ್ಟವರ ಋಣ

ಬ್ಯಾಂಕುಗಳಿಗೆ ಕಂಪ್ಯೂಟರ್ ಬರುವ ಮೊದಲು ಚೆಕ್ಕು ಕೊಟ್ಟು ನಗದು ಪಡೆಯಲು ಬಹಳ ಹೊತ್ತು ಕಾಯಬೇಕಿತ್ತು. ಕೌಂಟರಿನಲ್ಲಿ ಚೆಕ್ಕು ಕೊಟ್ಟರೆ ಗುಮಾಸ್ತರು ಒಂದು ಹಿತ್ತಾಳೆ ಬಿಲ್ಲೆಯನ್ನು ಕೈಗಿಡುತ್ತಿದ್ದರು. ಅದರ ಮೇಲೆ ಬ್ಯಾಂಕಿನ ಹೆಸರು, ನಡುವೆ ಒಂದು ಸಂಖ್ಯೆ. ಅದೇ ಸಂಖ್ಯೆಯನ್ನು ಚೆಕ್ಕಿನ ಮೇಲೂ ಬರೆದುಕೊಳ್ಳುತ್ತಿದ್ದರು. ಚೆಕ್ಕು ಲೆಡ್ಜರಿನ ಮೇಜಿಗೆ ಹೋಗಿ, ಸಹಿ ತಾಳೆಯಾಗಿ, ಅಧಿಕಾರಿಯ ರುಜು ಬಿದ್ದು ಕ್ಯಾಷಿಯರ್ ಬಳಿ ಬರುವ ತನಕ ಬೆಂಚಿನ ಮೇಲೆ ಕೂತಿರಬೇಕು. ಜಾಲರಿಯ ಹಿಂದಿನಿಂದ ನಂಬರು ಕೂಗಿದಾಗ ಬಿಲ್ಲೆ ಒಪ್ಪಿಸಿದರೆ ದುಡ್ಡು ಕೈಗೆ ಬರುತ್ತಿತ್ತು. ಕರಾವಳಿಯಲ್ಲಿ ಹುಟ್ಟಿ ದೇಶವಿಡೀ ಹರಡಿದ ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಬ್ಯಾಂಕುಗಳ ಊರು ನಮ್ಮದು. ಆ ಬಿಲ್ಲೆಯನ್ನು ಬೆರಳ ನಡುವೆ ಹೊರಳಿಸುತ್ತ ಕಾದವರು ಈಗಲೂ ಮನೆ ಮನೆಯಲ್ಲಿದ್ದಾರೆ.

ಆ ಬಿಲ್ಲೆ ಮಾಡುತ್ತಿದ್ದ ಕೆಲಸ ಸಣ್ಣದಲ್ಲ. ಚೆಕ್ಕನ್ನು ಕೊಟ್ಟಾಗಿದೆ, ದುಡ್ಡು ಇನ್ನೂ ಬಂದಿಲ್ಲ. ಆ ನಡುವಿನ ಹೊತ್ತಿನಲ್ಲಿ ಗ್ರಾಹಕನ ಬಳಿ ಏನೂ ಇರುವುದಿಲ್ಲ, ಎಲ್ಲವೂ ಬ್ಯಾಂಕಿನವರ ಬಳಿ ಇರುತ್ತದೆ. ‘ಇವರಿಗೆ ನಾವು ಕೊಡುವುದಿದೆ’ ಎಂದು ಬ್ಯಾಂಕು ಒಪ್ಪಿಕೊಂಡದ್ದಕ್ಕೆ ಆ ಹಿತ್ತಾಳೆ ತುಂಡೇ ಸಾಕ್ಷಿ. ನಮ್ಮ ದಿನನಿತ್ಯದಲ್ಲಿ ಟೋಕನ್ ಎಂಬ ಹೆಸರಿನಲ್ಲಿ ಓಡಾಡುವ ವಸ್ತುಗಳು ಹತ್ತಾರು: ಹೋಟೆಲಿನದು, ಆಸ್ಪತ್ರೆಯದು, ಮೆಟ್ರೋದ್ದು, ದೇವಸ್ಥಾನದ್ದು, ಈಗ ಮೊಬೈಲಿನೊಳಗಿನದು. ಇವನ್ನೆಲ್ಲ ಅಳೆಯಲು ನನಗೆ ಎರಡು ಪ್ರಶ್ನೆ ಸಾಕೆನಿಸುತ್ತದೆ. ಇದನ್ನು ಕೊಟ್ಟವರು ಯಾರಿಗೆ ಏನನ್ನು ಕೊಡಬೇಕಾಗಿದೆ? ಹಿಡಿದವರು ಅದನ್ನು ತಾವೇ ಓದಿ, ನೋಡಿ, ನನ್ನದು ಕೊಡಿ ಎಂದು ಕೇಳಬಲ್ಲರೇ?

ಬರವಣಿಗೆಗಿಂತ ಟೋಕನ್ ಹಳೆಯದು. ಇರಾಕ್, ಇರಾನ್, ಸಿರಿಯಾಗಳ ಪ್ರಾಚೀನ ನೆಲೆಗಳಲ್ಲಿ ಗೋಲಿ, ಶಂಕು, ಬಿಲ್ಲೆಗಳ ಆಕಾರದ ಸಣ್ಣ ಸಣ್ಣ ಮಣ್ಣಿನ ತುಣುಕುಗಳು ಸಾವಿರಾರು ಸಿಕ್ಕಿವೆ. ಅವುಗಳಲ್ಲಿ ಹಳೆಯವು ಕ್ರಿಸ್ತಪೂರ್ವ 7500ರ ಸುಮಾರಿನವು. ಡೆನಿಸ್ ಶ್ಮಾಂಟ್-ಬೆಸ್ಸೆರಾ ಎಂಬ ವಿದುಷಿ ಇವು ಲೆಕ್ಕದ ಕಾಯಿಗಳೆಂದು ವಾದಿಸಿದರು. ಒಂದು ಆಕಾರ ಒಂದು ಅಳತೆ ಧಾನ್ಯಕ್ಕೆ, ಇನ್ನೊಂದು ಒಂದು ಕುರಿಗೆ, ಮತ್ತೊಂದು ಒಂದು ಗಡಿಗೆ ಎಣ್ಣೆಗೆ. ಮುಂದೆ ಕ್ರಿಸ್ತಪೂರ್ವ 3500ರ ಹೊತ್ತಿಗೆ, ಯಾರೋ ಕೊಡಬೇಕಾದ ಕುರಿ-ಧಾನ್ಯಗಳ ಕಾಯಿಗಳನ್ನು ಮಣ್ಣಿನ ಟೊಳ್ಳು ಉಂಡೆಯೊಳಗೆ ಹಾಕಿ ಮುಚ್ಚಿ ಮೇಲೆ ಮುದ್ರೆ ಒತ್ತತೊಡಗಿದರು. ಮುಚ್ಚಿದ ಮೇಲೆ ಒಳಗೆ ಎಷ್ಟಿದೆಯೆಂದು ತಿಳಿಯಬೇಕಾದರೆ ಉಂಡೆ ಒಡೆಯಬೇಕು. ಹಾಗಾಗಿ ಒಳಗೆ ಹಾಕುವ ಮೊದಲು ಪ್ರತಿ ಕಾಯಿಯನ್ನೂ ಹೊರಮೈಗೆ ಒತ್ತಿ ಗುರುತು ಮಾಡಿದರು. ಗುರುತೇ ಇರುವಾಗ ಕಾಯಿ ಯಾಕೆ ಎಂದು ಹೊಳೆದಾಗ ಹಲಗೆಯ ಮೇಲಿನ ಬರಹ ಹುಟ್ಟಿತು. ಈ ವಾದದ ಎಲ್ಲ ಹೆಜ್ಜೆಗಳನ್ನೂ ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಆದರೂ ಸಾಲ ಕೊಟ್ಟವನಿಗೂ ಪಡೆದವನಿಗೂ ಕಾಣುವಂತೆ ಲೆಕ್ಕವನ್ನು ಹೊರಗೆ ತಂದದ್ದು ಬರಹದ ಬೇರುಗಳಲ್ಲಿ ಒಂದು ಎಂಬ ಮಾತು ನನಗೆ ತುಂಬ ದೊಡ್ಡದಾಗಿ ಕಾಣುತ್ತದೆ.

ಒಂದೇ ವಸ್ತುವನ್ನು ಸೀಳಿ ಇಬ್ಬರೂ ಒಂದೊಂದು ಹೋಳು ಇಟ್ಟುಕೊಳ್ಳುವ ಪದ್ಧತಿಯೂ ಹಳೆಯದೇ. ಇಂಗ್ಲೆಂಡಿನ ಖಜಾನೆ ಶತಮಾನಗಳ ಕಾಲ ಮರದ ಕಡ್ಡಿಗೆ ಕಚ್ಚು ಹಾಕಿ, ಉದ್ದಕ್ಕೆ ಸೀಳಿ, ತೆರಿಗೆ ಮತ್ತು ಸಾಲದ ಲೆಕ್ಕ ಇಟ್ಟಿತು. ಎರಡು ಹೋಳು ಕೂಡಿಸಿದಾಗ ಕಚ್ಚುಗಳು ತಾಳೆಯಾಗಬೇಕು, ಹೆಚ್ಚು-ಕಡಿಮೆ ಮಾಡಲು ಯಾರಿಂದಲೂ ಆಗದು. ಬಳಕೆ ತಪ್ಪಿದ ಆ ಕಡ್ಡಿಗಳ ರಾಶಿಯನ್ನು 1834ರ ಅಕ್ಟೋಬರ್ 16ರಂದು ಸಂಸತ್ತಿನ ಕೆಳಗಿನ ಒಲೆಗಳಲ್ಲಿ ಉರಿಸಲು ಹೋಗಿ ಸಂಸತ್ ಭವನದ ಬಹುಭಾಗವೇ ಸುಟ್ಟುಹೋಯಿತು. ನಮ್ಮ ಸೈಕಲ್ ಸ್ಟ್ಯಾಂಡಿನಲ್ಲಿ ಹ್ಯಾಂಡಲ್ಲಿಗೆ ಒಂದು ಚೀಟಿ, ಕೈಗೆ ಒಂದು ಚೀಟಿ ಕೊಡುವುದೂ ಅದೇ ಜೋಡಿಯ ತರ್ಕ.

ಟೋಕನ್ನಿನ ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ರೈಲಿನದು. ಒಂಟಿ ಹಳಿಯ ಮಾರ್ಗದಲ್ಲಿ ಎರಡು ನಿಲ್ದಾಣಗಳ ನಡುವೆ ಒಂದು ಹೊತ್ತಿಗೆ ಒಂದೇ ಗಾಡಿ ಇರಬೇಕು. ಎದುರಿನಿಂದ ಇನ್ನೊಂದು ಬಂದರೆ ಮುಗಿಯಿತು. ಇಂಗ್ಲೆಂಡಿನ ನಾರಿಚ್ ಬಳಿಯ ಥಾರ್ಪ್‌ನಲ್ಲಿ 1874ರ ಸೆಪ್ಟೆಂಬರ್ 10ರ ರಾತ್ರಿ ಹಾಗೇ ಆಯಿತು. ತಂತಿ ಸಂದೇಶದಲ್ಲಿ ಆದ ಗೊಂದಲದಿಂದ ಎರಡೂ ಕಡೆಯಿಂದ ಗಾಡಿ ಬಿಟ್ಟರು, 25 ಮಂದಿ ಸತ್ತರು. ಬಿಡು ಎಂಬ ಮಾತನ್ನು ಇಬ್ಬರಿಗೂ ಹೇಳಬಹುದು, ಆದರೆ ಒಂದು ವಸ್ತು ಒಂದೇ ಹೊತ್ತಿಗೆ ಎರಡು ಕಡೆ ಇರಲಾರದು. ಎಡ್ವರ್ಡ್ ಟಯರ್ ಎಂಬ ಎಂಜಿನಿಯರ್ ಇದನ್ನೇ ಆಧಾರವಾಗಿಟ್ಟುಕೊಂಡು 1878ರಲ್ಲಿ ಬಿಲ್ಲೆಯ ಯಂತ್ರವನ್ನು ರೂಪಿಸಿದ.

ಭಾರತದ ರೈಲ್ವೆಯಲ್ಲಿ ಹೆಚ್ಚು ಬಳಕೆಗೆ ಬಂದದ್ದು ನೀಲ್ಸ್ ಬಾಲ್ ಟೋಕನ್. ಅಕ್ಕಪಕ್ಕದ ಎರಡು ನಿಲ್ದಾಣಗಳ ಯಂತ್ರಗಳನ್ನು ವಿದ್ಯುತ್ ತಂತಿಯಿಂದ ಜೋಡಿಸಿರುತ್ತಾರೆ. ಒಳಗೆ ಲೋಹದ ಗುಂಡುಗಳು. ಈಚೆಯ ಸ್ಟೇಷನ್ ಮಾಸ್ತರು ಗಂಟೆ ಬಾರಿಸಿ ಕೇಳಬೇಕು, ಆಚೆಯವರು ಒಪ್ಪಿ ತಮ್ಮ ಯಂತ್ರ ತಿರುಗಿಸಬೇಕು. ಆಗ ಮಾತ್ರ ಒಂದು ಗುಂಡು ಹೊರಬರುತ್ತದೆ. ಅದನ್ನು ಎರಡರಲ್ಲಿ ಒಂದು ಯಂತ್ರಕ್ಕೆ ಹಾಕುವ ತನಕ ಎರಡೂ ಕಡೆ ಇನ್ನೊಂದು ಗುಂಡು ಬಾರದು. ಆ ಗುಂಡನ್ನು ಚರ್ಮದ ಚೀಲದಲ್ಲಿಟ್ಟು, ಚೀಲವನ್ನು ಬೆತ್ತದ ದೊಡ್ಡ ಬಳೆಗೆ ಕಟ್ಟಿ, ಪಾಯಿಂಟ್ಸ್‌ಮನ್ ಹಳಿಯ ಪಕ್ಕ ಕೈ ಎತ್ತಿ ಹಿಡಿದು ನಿಲ್ಲುತ್ತಿದ್ದ. ನಿಲ್ಲದೆ ಹೋಗುವ ಗಾಡಿಯ ಎಂಜಿನ್ನಿನಿಂದ ಒಂದು ತೋಳು ಚಾಚಿಕೊಂಡು ಆ ಬಳೆಯನ್ನು ಸಿಕ್ಕಿಸಿಕೊಳ್ಳುತ್ತಿತ್ತು, ಹಿಂದಿನ ಸೆಕ್ಷನ್ನಿನ ಬಳೆ ಪ್ಲಾಟ್‌ಫಾರಮಿನ ಮೇಲೆ ಬೀಳುತ್ತಿತ್ತು. ಚಾಲಕ ಚೀಲ ತೆರೆದು ಗುಂಡಿನ ಮೇಲಿನ ಹೆಸರು ತಾನು ಹೋಗಬೇಕಾದ ಸೆಕ್ಷನ್ನಿನದೇ ಎಂದು ನೋಡಿಕೊಳ್ಳಬೇಕಿತ್ತು.

ಬೋಗಿಯಲ್ಲಿ ನಿದ್ದೆ ಮಾಡುತ್ತಿದ್ದ ನೂರಾರು ಜನರ ಜೀವ ಆ ಗುಂಡಿನ ಮೇಲೆ ನಿಂತಿತ್ತು. ಹಾಗಿದ್ದೂ ಅದರಲ್ಲಿ ಗುಟ್ಟಿನದು ಏನೂ ಇಲ್ಲ. ಪಾಯಿಂಟ್ಸ್‌ಮನ್‌ಗೂ ಚಾಲಕನಿಗೂ ಅದರ ಅರ್ಥ ಒಂದೇ: ಈ ಹಳಿ ಈಗ ನಿನ್ನದು, ಮುಂದಿನ ನಿಲ್ದಾಣದ ತನಕ. ಟೋಕನ್ ಎಂದರೆ ಹೀಗಿರಬೇಕು ಎಂದು ನಾನು ನಂಬುತ್ತೇನೆ.

ಗಣಿ ಮತ್ತು ಕಾರ್ಖಾನೆಗಳ ಬಿಲ್ಲೆಗಳೂ ಇದೇ ಜಾತಿಯವು. ಗಣಿಗೆ ಇಳಿಯುವವರ ಸಂಖ್ಯೆಯ ಬಿಲ್ಲೆಯನ್ನು ಮೇಲೆ ಹಲಗೆಗೆ ಹಾಕುವ ಪದ್ಧತಿ ಜಗತ್ತಿನ ಎಷ್ಟೋ ಗಣಿಗಳಲ್ಲಿತ್ತು. ಪಾಳಿ ಮುಗಿದ ಮೇಲೂ ಒಂದು ಬಿಲ್ಲೆ ಅಲ್ಲೇ ಉಳಿದಿದ್ದರೆ ಒಬ್ಬ ಮನುಷ್ಯ ಇನ್ನೂ ಕೆಳಗಿದ್ದಾನೆ ಎಂದರ್ಥ, ಹುಡುಕಲು ಹೊರಡಲೇಬೇಕು. ಕಾರ್ಖಾನೆಯ ಟೂಲ್‌ರೂಮಿನಲ್ಲಿ ಉಪಕರಣ ಪಡೆದವನ ಬಿಲ್ಲೆ ಅದೇ ಉಪಕರಣದ ಜಾಗದಲ್ಲಿ ನೇತಾಡುತ್ತದೆ. ಅದು ಯಾರ ಬಳಿ ಇದೆ ಎಂದು ರಿಜಿಸ್ಟರ್ ತೆರೆಯದೆಯೇ ತಿಳಿಯುತ್ತದೆ.

ಹಣದ ವಿಷಯಕ್ಕೆ ಬಂದರೆ ಕಥೆ ಕತ್ತಲಾಗುತ್ತದೆ. ಮೊಹಮ್ಮದ್ ಬಿನ್ ತುಘಲಕ್ 1329-30ರ ಸುಮಾರಿಗೆ ತಾಮ್ರ, ಹಿತ್ತಾಳೆಯ ನಾಣ್ಯಗಳನ್ನು ಹೊರಡಿಸಿ ಬೆಳ್ಳಿಯ ಟಂಕದಷ್ಟೇ ಬೆಲೆ ಇವಕ್ಕೂ ಉಂಟೆಂದು ಸಾರಿದ. ಗಿರೀಶ ಕಾರ್ನಾಡರ 1964ರ ‘ತುಘಲಕ್’ ನಾಟಕದಿಂದಾಗಿ ಕನ್ನಡಿಗರಿಗೆ ಈ ಪ್ರಸಂಗ ಮನೆಮಾತು. ಅವನನ್ನು ಹುಚ್ಚು ದೊರೆಯೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಲೋಹದ ಬೆಲೆಗೂ ನಾಣ್ಯದ ಬೆಲೆಗೂ ಸಂಬಂಧ ಇರಬೇಕಿಲ್ಲ ಎಂಬ ಅವನ ತಿಳಿವಳಿಕೆ ಸರಿಯಾಗಿಯೇ ಇತ್ತು. ಅವನಿಗಿಂತ ಮೊದಲೇ ಚೀನಾದಲ್ಲಿ ಕಾಗದದ ಹಣ ಓಡುತ್ತಿತ್ತು. ಇವತ್ತು ನಮ್ಮ ಜೇಬಿನ ನೋಟೂ ಅದೇ ತತ್ತ್ವದ್ದು. ಅವನು ಸೋತದ್ದು ಖೋಟಾ ನಾಣ್ಯ ತಡೆಯುವುದರಲ್ಲಿ. ಮನೆಗಳೇ ಟಂಕಸಾಲೆಗಳಾದವು ಎಂದು ಆ ಕಾಲದ ಚರಿತ್ರೆಕಾರ ಬರನಿ ಬರೆದಿದ್ದಾನೆ. ಕೊನೆಗೆ ಸುಲ್ತಾನ ಆ ನಾಣ್ಯಗಳನ್ನು ಹಿಂಪಡೆದು ಖಜಾನೆಯಿಂದ ಬೆಳ್ಳಿ-ಬಂಗಾರ ಕೊಟ್ಟ, ತಾಮ್ರದ ರಾಶಿಗಳು ತುಘಲಕಾಬಾದಿನಲ್ಲಿ ಬಿದ್ದಿದ್ದವಂತೆ. ಯಾರು ಬೇಕಾದರೂ ಮಾಡಿಕೊಳ್ಳಬಹುದಾದ ಟೋಕನ್ ಯಾರ ಋಣವನ್ನೂ ಹೇಳುವುದಿಲ್ಲ. ಅಷ್ಟಾದರೂ ಖೋಟಾವನ್ನೂ ಸೇರಿಸಿ ತೀರಿಸಿದ ಆ ದೊರೆ ತನ್ನ ಮಾತು ಉಳಿಸಿಕೊಂಡ ಎಂಬುದನ್ನು ನಾವು ಮರೆಯುತ್ತೇವೆ.

ಅಸ್ಸಾಮಿನ ಚಹಾ ತೋಟಗಳ ಮಾಲೀಕರು ಮಾಡಿದ್ದು ಇದಕ್ಕೆ ತದ್ವಿರುದ್ಧ. 19ನೇ ಶತಮಾನದಲ್ಲಿ ಚಿಲ್ಲರೆ ನಾಣ್ಯದ ಕೊರತೆಯ ಹೆಸರಿನಲ್ಲಿ ಅಲ್ಲಿನ ಕಂಪನಿಗಳು ತಮ್ಮ ತಮ್ಮ ಹೆಸರಿನ ಬಿಲ್ಲೆಗಳನ್ನು ಅಚ್ಚು ಹಾಕಿಸಿ ಕೂಲಿಯಾಗಿ ಕೊಟ್ಟವು. ದೂರದ ಊರುಗಳಿಂದ ಬಂದ ಕೂಲಿಗಳಿಗೆ ದಿನವಿಡೀ ಎಲೆ ಕಿತ್ತದ್ದಕ್ಕೆ ಸಿಗುತ್ತಿದ್ದುದು ಆ ತೋಟದ ಗಡಿ ದಾಟಿದರೆ ಬೆಲೆಯಿಲ್ಲದ ಲೋಹ. ಅದನ್ನು ಹಿಡಿದು ಊರಿಗೆ ಮರಳುವುದಾಗಲಿ, ಬೇರೆ ಕೆಲಸ ಹುಡುಕಿ ಹೊರಡುವುದಾಗಲಿ ಕನಸಿನ ಮಾತು. ಸಂಕೋಲೆ ಹಾಕದೆಯೇ ಆ ಬಿಲ್ಲೆ ಅವರನ್ನು ಕಟ್ಟಿಹಾಕಿತು. ಬ್ರಿಟನ್ನಿನಲ್ಲಿ ತನ್ನ ಕಾರ್ಮಿಕರ ಪೈಕಿ ಹಲವರಿಗೆ ಇಂಥ ಪದ್ಧತಿಯನ್ನು 1831ರಲ್ಲೇ ಕಾನೂನಿನಿಂದ ನಿಷೇಧಿಸಿದ ಸರ್ಕಾರ, ಭಾರತದಲ್ಲಿ ಕೂಲಿಯನ್ನು ಚಲಾವಣೆಯ ನಾಣ್ಯ ಅಥವಾ ನೋಟಿನಲ್ಲೇ ಕೊಡಬೇಕೆಂಬ ವೇತನ ಪಾವತಿ ಕಾಯ್ದೆ ತಂದದ್ದು 1936ರಲ್ಲಿ. ಆ ಬಿಲ್ಲೆಗಳು ಈಗ ಸಂಗ್ರಾಹಕರ ನಡುವೆ ಒಳ್ಳೆಯ ಬೆಲೆಗೆ ಹೋಗುತ್ತವೆ. ಅವುಗಳ ಅಂದ ಹೊಗಳುವಾಗ ಅವನ್ನು ಮೊದಲು ಹಿಡಿದ ಕೈಗಳ ನೆನಪೂ ಇರಬೇಕು.

ಚಿಲ್ಲರೆಯ ಕೊರತೆ ಇಂದಿಗೂ ಪುಟ್ಟ ಟೋಕನ್ನುಗಳನ್ನು ಹುಟ್ಟಿಸುತ್ತಲೇ ಇದೆ. ಕಂಡಕ್ಟರು ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಟ್ಟರೆ ಅದೂ ಒಂದು ಹುಂಡಿಯೇ. ಇಳಿಯುವ ಹೊತ್ತಿಗೆ ಕೇಳಿ ಪಡೆಯಬೇಕು, ಬಸ್ಸು ಹೊರಟುಹೋದರೆ ಋಣವೂ ಹೊರಟುಹೋಯಿತು.

ಸರದಿಯ ಟೋಕನ್ ನಮಗೆಲ್ಲ ದಿನವೂ ಎದುರಾಗುವಂಥದು. ದರ್ಶಿನಿಯಲ್ಲಿ ದುಡ್ಡು ಕೊಟ್ಟು ಟೋಕನ್ ಪಡೆದು, ಇಡ್ಲಿಗೆ ಒಂದು ಕಡೆ, ಕಾಫಿಗೆ ಇನ್ನೊಂದು ಕಡೆ ಹೋಗಿ ಅದನ್ನಿಟ್ಟು ಪಡೆಯುವ ಕ್ರಮ 1980ರ ದಶಕದಿಂದ ಬೆಂಗಳೂರಿನಲ್ಲಿ ಬೇರೂರಿತು. ಅಲ್ಲಿ ಮಾಲೀಕನೂ ಕೂಲಿಯೂ ಒಂದೇ ಕಟ್ಟೆಗೆ ಮೊಣಕೈ ಊರಿ ನಿಂತು ತಿನ್ನುತ್ತಾರೆ. ಟೋಕನ್ನಿಗೆ ಜಾತಿ, ಅಂತಸ್ತು ಗೊತ್ತಿಲ್ಲ. ಊಟದ ಜಾಗದಲ್ಲಿ ಪಂಕ್ತಿಭೇದ ಕಂಡ ನಾಡಿನಲ್ಲಿ ಇದು ಸಣ್ಣ ಮಾತಲ್ಲ.

ಆಸ್ಪತ್ರೆಯ ಟೋಕನ್ನಿಗೂ ಇಂಥದೇ ಒಂದು ಗುಣ ಉಂಟು. ಸಾಲಿನಲ್ಲಿ ಗಟ್ಟಿಯಾಗಿ ನಿಲ್ಲಬಲ್ಲವನಿಗೆ ಮೊದಲ ಸ್ಥಾನ ಎಂಬ ನಿಯಮವನ್ನು ಅದು ತೆಗೆದುಹಾಕುತ್ತದೆ. ಮಂಡಿನೋವಿನ ಅಜ್ಜಿ ಗೋಡೆಗೆ ಒರಗಿ ಕೂರಬಹುದು, ಬಸುರಿ ಹೊರಗೆ ಹೋಗಿ ಎಳನೀರು ಕುಡಿದು ಬರಬಹುದು. ಸರದಿ ಕೈಯಲ್ಲೇ ಇದೆ. ಆದರೆ ನಡುವೆ ಪರಿಚಯದವರನ್ನು ಒಳಗೆ ಬಿಟ್ಟರೆ, ಹದಿನಾಲ್ಕಾದ ಮೇಲೆ ಇಪ್ಪತ್ತೊಂದನ್ನು ಕೂಗಿದರೆ, ಕೂತವರ ಮುಖ ನೋಡಿ. ಸಾಲಿನಲ್ಲಿ ನುಗ್ಗಿದವನ ಮೇಲಿನ ಸಿಟ್ಟಿಗಿಂತ ಅದು ಆಳದ್ದು, ಏಕೆಂದರೆ ಮುರಿದದ್ದು ಒಂದು ಮಾತು. ಈಗ ಎಷ್ಟೋ ಕಡೆ ಬೆಳಿಗ್ಗೆಯೇ ಆ್ಯಪಿನಲ್ಲಿ ಟೋಕನ್ ಹಂಚಿಕೆ ಮುಗಿದಿರುತ್ತದೆ. ಮೊದಲ ಬಸ್ಸಿಗೆ ಹಳ್ಳಿಯಿಂದ ಹೊರಟು ಬಂದವರಿಗೆ ಅರವತ್ತರ ಮೇಲಿನ ಸಂಖ್ಯೆ. ಬೇಗ ಬಂದವರಿಗೆ ಬೇಗ ಎಂಬ ನ್ಯಾಯ ಸದ್ದಿಲ್ಲದೆ ಫೋನ್ ಇದ್ದವರಿಗೆ ಬೇಗ ಎಂದಾಯಿತು. ಬಂದು ನಿಂತವರಿಗೆಂದು ಪ್ರತಿ ಆಸ್ಪತ್ರೆಯೂ ಒಂದಷ್ಟು ಸಂಖ್ಯೆಯನ್ನು ಮೀಸಲಿಡಬೇಕು. ಇದು ಕಷ್ಟದ ಕೆಲಸವೇನೂ ಅಲ್ಲ.

ಸರದಿಯ ಟೋಕನ್ನಿನ ಮಿತಿ ಎಲ್ಲಿದೆಯೆಂದು 2025ರ ಜನವರಿ 8ರಂದು ತಿರುಪತಿಯಲ್ಲಿ ಕಂಡೆವು. ವೈಕುಂಠ ದ್ವಾರ ದರ್ಶನದ ಟೋಕನ್ ವಿತರಣೆ ಮರುದಿನ ಬೆಳಿಗ್ಗೆ ಶುರುವಾಗಬೇಕಿತ್ತು. ಹಿಂದಿನ ಸಂಜೆಯೇ ಜನ ಕೇಂದ್ರಗಳ ಬಳಿ ನೆರೆದರು. ನೂಕುನುಗ್ಗಲಿನಲ್ಲಿ 6 ಮಂದಿ ಪ್ರಾಣ ಕಳೆದುಕೊಂಡರು. ಸರತಿ ಸಾಲಿನ ಸಂಕಟ ತಪ್ಪಿಸಲೆಂದು ತಂದ ಚೀಟಿಗೇ ಸಾಲು ಹುಟ್ಟಿತು. ಬೇಕಾದವರ ಸಂಖ್ಯೆ ಇರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿದ್ದಾಗ, ಎಲ್ಲರಿಗೂ ಒಂದೇ ಗಳಿಗೆಗೆ ಒಂದೇ ಬಾಗಿಲು ತೆರೆಯುವ ಟೋಕನ್ ಕಷ್ಟವನ್ನು ಕಡಿಮೆ ಮಾಡದು, ದರ್ಶನದ ಬಾಗಿಲಿನಿಂದ ಕೌಂಟರಿನ ಬಾಗಿಲಿಗೆ ತಂದಿಡುತ್ತದೆ, ಅಷ್ಟೆ.

ಗುರುತಿನ ಟೋಕನ್ನಿನ ಬಗ್ಗೆ ನಮ್ಮ ಕಾವ್ಯಗಳು ಆಳವಾಗಿ ಯೋಚಿಸಿವೆ. ಅಶೋಕವನದಲ್ಲಿ ಹನುಮಂತನನ್ನು ಕಂಡ ಸೀತೆಗೆ ಮೊದಲು ಬಂದದ್ದು ಅನುಮಾನ, ಇವನು ವೇಷ ಹಾಕಿದ ರಾವಣನಾಗಿದ್ದರೆ? ಅದಕ್ಕೇ ರಾಮನ ಹೆಸರು ಕೊರೆದ ಉಂಗುರ ಬೇಕಾಯಿತು. ವಾಲ್ಮೀಕಿಯ ಸೀತೆ ಮರಳಿ ಚೂಡಾಮಣಿಯೊಂದನ್ನೇ ಕಳಿಸುವುದಿಲ್ಲ. ತನಗೂ ರಾಮನಿಗೂ ಮಾತ್ರ ಗೊತ್ತಿದ್ದ ಕಾಗೆಯ ಪ್ರಸಂಗವನ್ನೂ ಹನುಮಂತನಿಗೆ ಹೇಳಿ ಕಳಿಸುತ್ತಾಳೆ. ಒಡವೆಯನ್ನು ಯಾರಾದರೂ ಕಸಿದುಕೊಳ್ಳಬಹುದು, ಕಥೆಯನ್ನು ಕಸಿಯಲಾಗದು. ಕಾರ್ಡಿನ ಜೊತೆಗೆ ಪಿನ್ ಕೇಳುವ ಇಂದಿನ ಯಂತ್ರದ ಎಚ್ಚರಿಕೆ ಆ ಹೆಣ್ಣಿಗೆ ಅಂದೇ ಇತ್ತು. ಕಾಳಿದಾಸನ ಶಕುಂತಲೆಯ ಪಾಡು ಬೇರೆ. ಉಂಗುರ ನೀರುಪಾಲಾದ ಕೂಡಲೇ ಎದುರಿಗೆ ನಿಂತ ಗರ್ಭಿಣಿಯ ಮಾತಿಗೆ ಬೆಲೆ ಇಲ್ಲವಾಯಿತು. ಬೆರಳಚ್ಚು ಹೊಂದಲಿಲ್ಲವೆಂದು ರೇಷನ್ ಅಂಗಡಿಯಿಂದ ಬರಿಗೈಯಲ್ಲಿ ಮರಳುವ ಮುದುಕರನ್ನು ಕಂಡಾಗ ನನಗೆ ಶಕುಂತಲೆ ನಿಂತಿದ್ದ ಆ ರಾಜಸಭೆ ನೆನಪಾಗುತ್ತದೆ. ಕುರುಹು ಮನುಷ್ಯನಿಗಾಗಿ ಇರಬೇಕು.

ಲಂಡನ್ನಿನಲ್ಲಿ 1741ರಿಂದ ಮಕ್ಕಳನ್ನು ಸೇರಿಸಿಕೊಳ್ಳತೊಡಗಿದ ಫೌಂಡ್ಲಿಂಗ್ ಹಾಸ್ಪಿಟಲ್ ಎಂಬ ಅನಾಥಾಲಯದಲ್ಲಿ ತಾಯಂದಿರು ಮಗುವಿನ ಜೊತೆ ಒಂದು ಗುರುತು ಬಿಟ್ಟುಹೋಗುತ್ತಿದ್ದರು: ಕತ್ತರಿಸಿದ ಬಟ್ಟೆಯ ಚೂರು, ಗುಂಡಿ, ಗೀಚಿದ ನಾಣ್ಯ. ಕಾಲ ಕೂಡಿಬಂದರೆ ಅದನ್ನು ಹೇಳಿ ಮಗುವನ್ನು ಮರಳಿ ಪಡೆಯಬಹುದು. 1760ರ ತನಕ ಬಂದ 16,000ಕ್ಕೂ ಹೆಚ್ಚು ಮಕ್ಕಳಲ್ಲಿ ಹಾಗೆ ಮರಳಿ ಮನೆಗೆ ಹೋದವರು 152. ಉಳಿದ ಬಟ್ಟೆಯ ಚೂರುಗಳು ದಾಖಲೆ ಪುಸ್ತಕಗಳಲ್ಲಿ ಪಿನ್ನು ಚುಚ್ಚಿದಂತೆಯೇ ಉಳಿದವು.

ರಾಜಕಾರಣದಲ್ಲಿ ಟೋಕನ್ ಎಂದರೆ ನೆಪಕ್ಕೆ ಎಂಬ ಅರ್ಥ ಬಂದಿದೆ. ಎಲ್ಲ ಸಂದರ್ಭಗಳಲ್ಲೂ ಅದು ಕೀಳಲ್ಲ. ಲೋಕಸಭೆಯಲ್ಲಿ ಒಂದು ಇಲಾಖೆಯ ಬೇಡಿಕೆಯಿಂದ 100 ರೂಪಾಯಿ ಕಡಿತ ಮಾಡಬೇಕೆಂದು ಸದಸ್ಯರು ಮಂಡಿಸುವ ಟೋಕನ್ ಕಡಿತ ನಿರ್ಣಯದ ಉದ್ದೇಶ ಹಣ ಉಳಿಸುವುದಲ್ಲ, ಒಂದು ನಿರ್ದಿಷ್ಟ ದೂರನ್ನು ಸದನದ ಮುಂದಿಡುವುದು. ಆದರೆ ಜನರನ್ನೇ ಟೋಕನ್ ಮಾಡಿದಾಗ ಅದು ಅನ್ಯಾಯ. ದೊಡ್ಡ ಗುಂಪಿನಲ್ಲಿ ಒಬ್ಬಿಬ್ಬರೇ ಮಹಿಳೆಯರಿದ್ದರೆ ಅವರನ್ನು ವ್ಯಕ್ತಿಗಳಾಗಿ ಕಾಣದೆ ಹೆಂಗಸರ ಪ್ರತಿನಿಧಿ ಎಂದಷ್ಟೇ ಕಾಣುತ್ತಾರೆ ಎಂದು ಸಮಾಜಶಾಸ್ತ್ರಜ್ಞೆ ರೋಸಬೆತ್ ಮಾಸ್ ಕ್ಯಾಂಟರ್ 1977ರಲ್ಲಿ ತೋರಿಸಿದರು. ಸಂಖ್ಯೆ ಬೆಳೆದಾಗ ಮಾತ್ರ ನೋಟ ಬದಲಾಗುತ್ತದೆ. ಕರ್ನಾಟಕ ಇಲ್ಲಿ ದೇಶಕ್ಕೆ ಮೇಲ್ಪಂಕ್ತಿ ಹಾಕಿತು. ಆಗಿನ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಮುತುವರ್ಜಿಯಿಂದ ಬಂದ 1983ರ ಪಂಚಾಯತಿ ಕಾಯ್ದೆ ಮಹಿಳೆಯರಿಗೆ ಶೇಕಡ 25 ಸ್ಥಾನ ಮೀಸಲಿಟ್ಟಿತು, 1987ರಲ್ಲಿ ಚುನಾವಣೆ ನಡೆಯಿತು. ಒಬ್ಬಿಬ್ಬರನ್ನು ನೆಪಕ್ಕೆ ಕೂರಿಸುವ ಕಾಲದಿಂದ ಕಾಲು ಭಾಗ ಆರಿಸಿ ಬರುವ ಕಾಲಕ್ಕೆ ಅದು ದಾಟಿದ ಹೆಜ್ಜೆ. ಗಂಡನೇ ಅಧಿಕಾರ ನಡೆಸಿದ ಊರುಗಳು ಇದ್ದವು, ಈಗಲೂ ಇವೆ. ಆದರೆ ಸಭೆಯಲ್ಲಿ ಕೂತು ಕಡತ ಓದಲು ಕಲಿತ ಸಾವಿರಾರು ಹೆಣ್ಣುಮಕ್ಕಳನ್ನು ನೆಪಮಾತ್ರ ಎನ್ನಲು ನನಗೆ ಮನಸ್ಸು ಬಾರದು.

ಕೈಯಿಂದ ಟೋಕನ್ ಜಾರಿಹೋಗುತ್ತಿರುವ ಕಾಲ ಇದು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯ ತನಕ ನಮ್ಮ ಮೆಟ್ರೋ ಓಡಿದಾಗ ಒಳಗೆ ಚಿಪ್ ಇರುವ ಪ್ಲಾಸ್ಟಿಕ್ ಬಿಲ್ಲೆ ಊರಿಗೆ ಹೊಸದು. ಒಳಹೋಗುವಾಗ ತಾಗಿಸಿ, ಹೊರಬರುವಾಗ ಗೇಟಿನ ಸೀಳಿಗೆ ಹಾಕಬೇಕು. 2022ರ ನವೆಂಬರಿನಿಂದ ವಾಟ್ಸ್ಆ್ಯಪಿನಲ್ಲೇ ಕ್ಯೂಆರ್ ಟಿಕೆಟ್ ಸಿಗುತ್ತಿದೆ. ಅದೇ ವರ್ಷದ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಆನ್‌ಲೈನ್ ಅಂಗಡಿಗಳು ನಮ್ಮ ಕಾರ್ಡಿನ ಸಂಖ್ಯೆಯನ್ನು ಇಟ್ಟುಕೊಳ್ಳುವಂತಿಲ್ಲ, ಬದಲಿಗೆ ಆ ಅಂಗಡಿಗೆಂದೇ ಮಾಡಿದ ಒಂದು ಬದಲಿ ಸಂಖ್ಯೆ ಇಟ್ಟುಕೊಳ್ಳಬಹುದು. ಅದರ ಹೆಸರೂ ಟೋಕನ್. ಅಲ್ಲಿ ಕಳ್ಳತನವಾದರೂ ಆ ಸಂಖ್ಯೆ ಬೇರೆಡೆ ಕೆಲಸಕ್ಕೆ ಬಾರದು. ಇದು ನಿಜವಾದ ರಕ್ಷಣೆ. ಚಹಾ ತೋಟದ ಬಿಲ್ಲೆಯಲ್ಲಿ ಕೂಲಿಯನ್ನು ಕಟ್ಟಿಹಾಕಿದ ಗುಣವೇ ಇಲ್ಲಿ ಗ್ರಾಹಕನನ್ನು ಕಾಯುತ್ತದೆ. ಆದರೆ ಅಂಥದೊಂದು ಇದೆ ಎಂಬುದೇ ಬಹುಪಾಲು ಜನರಿಗೆ ಗೊತ್ತಿಲ್ಲ.

ಕೊನೆಯದಾಗಿ, ಕನ್ನಡಕ್ಕೆ ನೇರವಾಗಿ ಸಂಬಂಧಪಟ್ಟ ಟೋಕನ್ ಒಂದಿದೆ. ಮಾತಾಡುವ ಕೃತಕ ಬುದ್ಧಿಮತ್ತೆಯ ಯಂತ್ರಗಳು ಓದುವುದು ಅಕ್ಷರವನ್ನೂ ಅಲ್ಲ, ಪದವನ್ನೂ ಅಲ್ಲ. ಪಠ್ಯವನ್ನು ತುಂಡುಗಳಾಗಿ ಕತ್ತರಿಸಿಕೊಂಡು ಓದುತ್ತವೆ, ಆ ತುಂಡೇ ಟೋಕನ್. ಸೇವೆಗೆ ಎಷ್ಟೋ ಕಂಪನಿಗಳು ದರ ಹಾಕುವುದು ತುಂಡುಗಳ ಎಣಿಕೆಯ ಮೇಲೆ. ಯಾವುದನ್ನು ಇಡಿಯಾಗಿ ಬಿಡಬೇಕು, ಯಾವುದನ್ನು ಕತ್ತರಿಸಬೇಕು ಎಂಬುದು ತರಬೇತಿಯ ಪಠ್ಯದಲ್ಲಿ ಯಾವುದು ಹೆಚ್ಚು ಸಲ ಬಂದಿದೆ ಎಂಬುದರ ಮೇಲೆ ನಿಂತಿದೆ, ವ್ಯಾಕರಣದ ಮೇಲಲ್ಲ. ಇಂಗ್ಲಿಷ್ ರಾಶಿ ಬಿದ್ದಿರುವ ಪಠ್ಯದಲ್ಲಿ ಇಂಗ್ಲಿಷಿನ ಬಳಕೆಯ ಪದಗಳು ಇಡಿಯಾಗಿ ಒಂದೊಂದು ಟೋಕನ್ ಆಗುತ್ತವೆ. ಕನ್ನಡದ ಪದಗಳು ಚೂರುಚೂರಾಗುತ್ತವೆ.

ಇದರ ಬೇರು ಲಿಪಿಯ ಸಂಕೇತದಲ್ಲೂ ಇದೆ. ‘ಲಕ್ಷ್ಮಿ’ ಎಂಬ ಹೆಸರಿನಲ್ಲಿ ನಮ್ಮ ಕಣ್ಣಿಗೆ ಎರಡೇ ಅಕ್ಷರ. ಯೂನಿಕೋಡಿನಲ್ಲಿ ಅದು ಲ, ಕ, ವಿರಾಮ, ಷ, ವಿರಾಮ, ಮ, ಇಕಾರ ಎಂದು 7 ಸಂಕೇತ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್, ಒಟ್ಟು 21. ಅದೇ ಹೆಸರನ್ನು ರೋಮನ್ ಲಿಪಿಯ 7 ಅಕ್ಷರಗಳಲ್ಲಿ ಬರೆದರೆ 7 ಬೈಟ್. ಬೈಟುಗಳಿಂದ ಶುರುಮಾಡಿ ತುಂಡುಗಳನ್ನು ಕೂಡಿಸುತ್ತಾ ಹೋಗುವ ವಿಧಾನದಲ್ಲಿ ಕನ್ನಡ ಮೂರು ಪಟ್ಟು ಹಿಂದಿನಿಂದ ಓಟ ಶುರುಮಾಡುತ್ತದೆ. ಅದರ ಮೇಲೆ, ಪ್ರತ್ಯಯಕ್ಕೆ ಪ್ರತ್ಯಯ ಸೇರಿಸಿ ‘ಮನೆಯವರಿಗಾಗಿಯೇ’ ಎಂದು ಒಂದೇ ಉಸಿರಿಗೆ ಹೇಳುವ ನಮ್ಮ ಭಾಷೆಯ ಪದಗಳು ಇದ್ದಂತೆಯೇ ಮತ್ತೆ ಮತ್ತೆ ಬರುವುದು ಕಡಿಮೆ. ಹೀಗಾಗಿ ಒಬ್ಬ ರೈತ ಬೆಳೆರೋಗದ ಬಗ್ಗೆ ಕನ್ನಡದಲ್ಲಿ ಕೇಳುವ ಪ್ರಶ್ನೆ ಅದೇ ಪ್ರಶ್ನೆಯ ಇಂಗ್ಲಿಷ್ ರೂಪಕ್ಕಿಂತ ಹೆಚ್ಚು ತುಂಡುಗಳಾಗುತ್ತದೆ. ತುಂಡಿಗಿಷ್ಟು ಎಂಬ ದರವಿದ್ದಲ್ಲಿ ಖರ್ಚು ಹೆಚ್ಚು, ಯಂತ್ರ ಒಮ್ಮೆಗೆ ನೆನಪಿಟ್ಟುಕೊಳ್ಳುವ ಮಿತಿಯೊಳಗೆ ಹಿಡಿಸುವ ಮಾತೂ ಕಡಿಮೆ.

ಇದು ಸರಿಪಡಿಸಲಾಗದ್ದೇನಲ್ಲ. ಕನ್ನಡದ ಪಠ್ಯಕ್ಕೆ ತಕ್ಕ ಪಾಲು ಕೊಟ್ಟು ತುಂಡುಗಳ ಪಟ್ಟಿಯನ್ನು ಹೊಸದಾಗಿ ಕಟ್ಟಿದರೆ ಅದೇ ವಾಕ್ಯ ಕಡಿಮೆ ಟೋಕನ್ನುಗಳಲ್ಲಿ ಮುಗಿಯುತ್ತದೆ, ಹೊಸ ಮಾದರಿಗಳಲ್ಲಿ ಈ ದಿಕ್ಕಿನ ಸುಧಾರಣೆ ಕಾಣುತ್ತಲೂ ಇದೆ. ಅದಕ್ಕೆ ಬೇಕಾದ್ದು ಮುಕ್ತವಾಗಿ ಸಿಗುವ, ತಿದ್ದಿ ಒಪ್ಪ ಮಾಡಿದ, ಎಲ್ಲ ಸೀಮೆಗಳ ಕನ್ನಡವಿರುವ ಪಠ್ಯ. ವಿಶ್ವವಿದ್ಯಾಲಯಗಳು, ಅಕಾಡೆಮಿಗಳು, ಪತ್ರಿಕೆಗಳು ತಮ್ಮ ಹಳೆಯ ಸಂಪುಟಗಳನ್ನು ಬರಿಯ ಚಿತ್ರಗಳಾಗಿ ಅಲ್ಲದೆ ಹುಡುಕಬಹುದಾದ ಯೂನಿಕೋಡ್ ಬರಹವಾಗಿ ತೆರೆದಿಡಬೇಕು. ಸರ್ಕಾರ ತನ್ನ ಸೇವೆಗಳಿಗೆ ಇಂಥ ಯಂತ್ರಗಳನ್ನು ಕೊಳ್ಳುವಾಗ ಒಂದೇ ಪಠ್ಯಕ್ಕೆ ಕನ್ನಡದಲ್ಲಿ ಎಷ್ಟು ಟೋಕನ್, ಇಂಗ್ಲಿಷಿನಲ್ಲಿ ಎಷ್ಟು ಎಂಬ ಲೆಕ್ಕವನ್ನು ಟೆಂಡರಿನಲ್ಲೇ ಕೇಳಬೇಕು, ಬಂದ ಉತ್ತರವನ್ನು ಸಾರ್ವಜನಿಕರ ಮುಂದಿಡಬೇಕು.